ಗುಬ್ಬಕ್ಕನ ತುತ್ತು ಲೆಕ್ಕಕ್ಕಿಲ್ಲ

ನಮ್ಮ ಓಣಿಯಲ್ಲಿ ಯಾವ ಮನೆಯ ಹೆಣ್ಣುಮಗಳು ಬಸುರಿಯಾದರೂ ಆಕೆಯ ಗಂಡನಿಗೆ ತಿಳಿದ ಮರುದಿನವೇ ನನಗೂ ತಿಳಿಯುತ್ತದೆ. ನಾನೇನು ಸೂಲಗಿತ್ತಿಯಲ್ಲ. ಕರ್ಜಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾಗಿ ಹಾವೇರಿಯ ಮನೆಯಲ್ಲಿ ಕಾಲು ಚಾಚಿ ಕುಳಿತವಳು. ಆದರೆ ಡಬ್ಬಿ ನನ್ನ ಹತ್ತಿರ ಇದೆ.

ಡಬ್ಬಿ ಎಂದರೆ ಉಂಡಿಯ ಡಬ್ಬಿ. ಸ್ಟೀಲಿನದು, ನನ್ನ ಮೊಣಕಾಲೆತ್ತರ. ಮುಚ್ಚಳದ ಮೇಲೆ ನನ್ನ ಹೆಸರು ಕೊರೆದಿದೆ. ಬಾಣಂತಿಗೆ ಅಂಟಿನುಂಡಿ ಕಟ್ಟಿದರೆ ಐದು ತಿಂಗಳಿಗೆ ಸಾಕಾಗುವಷ್ಟು ಇದರಲ್ಲಿ ಹಿಡಿಯುತ್ತದೆ. ಇಷ್ಟು ದೊಡ್ಡ ಡಬ್ಬಿ ಓಣಿಯಲ್ಲಿ ಇನ್ನೊಂದಿಲ್ಲವಾದ್ದರಿಂದ ಮೊದಲೇ ಹೇಳಿ ಇಡುವುದು ವಾಡಿಕೆ. ಮೊನ್ನೆ ಎದುರು ಮನೆಯ ಪಾರವ್ವ ಬಂದಳು.

"ಟೀಚರ್ರ, ನಮ್ಮ ರೇಣುಕಾಗ ಮುಂದಿನ ತಿಂಗಳ ಹೆರಿಗಿ ಅಂದಾರ. ಡಬ್ಬಿ ನನಗ ಇರ್ಲಿ ನೋಡ್ರಿ. ಮತ್ತ್ಯಾರಿಗರೆ ಮಾತು ಕೊಟ್ಟೀರಿ!"

"ಅಟ್ಟದ ಮ್ಯಾಲೆ ಐತಿ ಪಾರವ್ವ. ಇಳಿಸಿ ಇಡತೇನಿ, ನಾಳೆ ಬಾ" ಎಂದೆ.

ಇಳಿಸಿದ್ದೂ ಆಯಿತು. ಒಳಗೆ ಏನೋ ಲಟಲಟ ಅಂದಿತು. ತೆಗೆದು ನೋಡಿದರೆ ತಳದಲ್ಲಿ ಒಂದೇ ಒಂದು ಉಂಡಿ. ನನ್ನ ಮಗಳು ಸುಮಾಳ ಮೊದಲ ಬಾಣಂತನದ್ದು. ಆರು ವರ್ಷದ ಹಿಂದಿನದು. ಡಬ್ಬಿ ಯಾರಿಗೆ ಕೊಟ್ಟರೂ ತೆಗೆದಿಟ್ಟುಕೊಂಡು, ಮರಳಿದ ಮೇಲೆ ನೆನಪಿಗೆಂದು ನಾನೇ ಮತ್ತೆ ಒಳಗೆ ಹಾಕುತ್ತಿದ್ದೆ, ಈಚೆಗೆ ಮರೆತೇ ಹೋಗಿತ್ತು. ಕಲ್ಲಾಗಿ ಹೋಗಿತ್ತು. ಇರುವೆ ಕೂಡ ಮುಟ್ಟಿರಲಿಲ್ಲ. ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಅಟ್ಟದ ಏಣಿಯ ಕೆಳಗೇ ಕುಳಿತುಬಿಟ್ಟೆ.

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಮೂವತ್ತು ವರ್ಷ ನಾನು ಕರಿಹಲಗೆಯ ಮೇಲೆ ಸಮತೋಲನ ಆಹಾರದ ಚಿತ್ರ ಬರೆದವಳು. ಕೆಳಗೆ ಧಾನ್ಯ, ನಡುವೆ ಕಾಯಿಪಲ್ಯ, ತುತ್ತತುದಿಯಲ್ಲಿ ಚೂರೇ ಚೂರು ಎಣ್ಣೆ-ತುಪ್ಪ-ಸಕ್ಕರೆ. 'ಊಟ ಬಲ್ಲವನಿಗೆ ರೋಗವಿಲ್ಲ' ಎಂದು ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ತಲೆಬರಹ. ಘಂಟೆ ಹೊಡೆದ ಮೇಲೆ ಸ್ಟಾಫ್ ರೂಮಿಗೆ ಬಂದು ನಾಲ್ಕು ಮಿರ್ಚಿ, ಒಂದು ಪ್ಲೇಟ್ ಗಿರ್ಮಿಟ್ ತಿನ್ನುತ್ತಿದ್ದೆ. ಸಂಜೆ ಹಾವೇರಿಗೆ ಮರಳುವಾಗ ಟಂಟಂ ಗಾಡಿಯವನು ಎಷ್ಟೇ ಗದ್ದಲವಿದ್ದರೂ ನನಗೆ ಮಾತ್ರ ಜಾಗ ಹಿಡಿದಿರುತ್ತಿದ್ದ. ಗುರುಗಳೆಂಬ ಗೌರವ ಎಂದುಕೊಂಡಿದ್ದೆ. ಒಂದು ದಿನ ಕಿಡಕಿಯ ಬದಿಗೆ ಕುಳಿತಾಗ ಗೊತ್ತಾಯಿತು. "ಅಕ್ಕಾರ, ನೀವು ನಡಕ ಕುಂದ್ರಿ. ಗಾಡಿ ಒಂದ ಕಡೆ ವಾಲತೈತಿ" ಎಂದ.

ನಿವೃತ್ತಿಯ ನಂತರ ನನ್ನನ್ನು ಇಂಥ ವಿಷಯಕ್ಕೆ ಭಾಷಣಕ್ಕೂ ಕರೆಯುತ್ತಿದ್ದರು. ಒಮ್ಮೆ ಕರ್ಜಗಿಯಲ್ಲೇ ತಾಯಂದಿರ ಮತ್ತು ಮಕ್ಕಳ ತೂಕದ ಶಿಬಿರ. ನಾನು ಮುಖ್ಯ ಅತಿಥಿ. ಕರಿದದ್ದು ಬಿಡಿರಿ, ಸಿಹಿ ಕಡಿಮೆ ಮಾಡಿರಿ ಎಂದು ಮುಕ್ಕಾಲು ತಾಸು ಮಾತಾಡಿದೆ. ಮಾತಾಡುವಾಗಲೇ ಹಿಂದಿನಿಂದ ಬಜ್ಜಿ ಕರಿಯುವ ವಾಸನೆ ಬರುತ್ತಿತ್ತು. ಭಾಷಣದಲ್ಲಿ ಕೊನೆಯ ಎರಡು ಅಂಶ ಬಿಟ್ಟೆ. ಆಮೇಲೆ ತೂಕದ ಕಾರ್ಯಕ್ರಮ. ಹೆಂಗಸರು ಚಪ್ಪಲಿ ಬಿಚ್ಚಿ, ಕೈಯಲ್ಲಿದ್ದ ಚೀಲ ಕೆಳಗಿಟ್ಟು, ಬಳೆ ಕೂಡ ಸರಿಸಿ ನೋಡಿ, ದೇವರ ಪಾದಗಟ್ಟೆ ಹತ್ತುವಂತೆ ಯಂತ್ರ ಹತ್ತುತ್ತಿದ್ದರು. ಉದ್ಘಾಟನೆ ನಿಮ್ಮಿಂದಲೇ ಆಗಲಿ ಎಂದು ನನ್ನನ್ನೂ ಹತ್ತಿಸಿದರು. ಅಂಕಿ ನೋಡಿ, "ಮಶೀನ್ ಕೆಟ್ಟೈತಿ" ಎಂದು ತೀರ್ಪು ಕೊಟ್ಟು ಇಳಿದೆ. ನನ್ನ ಹಿಂದೆ ಬಂದವರೆಲ್ಲ ಅದೇ ತೀರ್ಪನ್ನು ಎತ್ತಿ ಹಿಡಿದರು. ಆಚಾರ ಹೇಳೋದು ಬದನೆಕಾಯಿ ತಿನ್ನೋದು ಅಂತಾರಲ್ಲ, ಆ ಗಾದೆಯನ್ನು ನನ್ನಂಥವರನ್ನು ನೋಡಿಯೇ ಕಟ್ಟಿರಬೇಕು.

ಇಂಥ ನನ್ನ ಮನೆಗೆ ಸುಮಾ ಮೊದಲ ಬಾಣಂತನಕ್ಕೆ ಬಂದಳು. ಆಕೆಯನ್ನು ಕೊಟ್ಟದ್ದು ಬ್ಯಾಡಗಿಗೆ. ಬೀಗರದು ಮೆಣಸಿನಕಾಯಿ ವ್ಯಾಪಾರ. ಅಳಿಯ ಮಾತ್ರ ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟುಕೊಂಡು ಅಲ್ಲೇ ಮನೆ ಮಾಡಿದ್ದ. ಬಸುರಿನಲ್ಲಿ ಸುಮಾಳಿಗೆ ಸಕ್ಕರೆ ಕಾಣಿಸಿತ್ತು. ಹೆರಿಗೆಯಾದ ಮೇಲೆ ತೂಕ ಇಳಿಸಿಕೊಳ್ಳದಿದ್ದರೆ ಸಕ್ಕರೆ ಕಾಯಂ ಮನೆ ಮಾಡುತ್ತದೆ ಎಂದು ಡಾಕ್ಟರಮ್ಮ ಆಕೆಯನ್ನೂ ನನ್ನನ್ನೂ ಕೂಡಿಸಿಕೊಂಡು ಹೇಳಿದ್ದರು. ನಾನು ವಿಜ್ಞಾನದವಳಾದ್ದರಿಂದ ತಲೆಯಾಡಿಸಿದೆ. ಮನೆಗೆ ಬಂದು ಐದು ಕಿಲೋ ಒಣಕೊಬ್ಬರಿಗೆ ಹೇಳಿಕಳಿಸಿದೆ.

ನಮ್ಮ ಕಡೆಯ ಬಾಣಂತನ ನಿಮಗೆ ಗೊತ್ತಿಲ್ಲದ್ದೇನಲ್ಲ. ತುಪ್ಪದಲ್ಲಿ ಹುರಿದ ಅಂಟು, ಕೊಬ್ಬರಿ, ಉತ್ತತ್ತಿ, ಗೋಡಂಬಿ, ಬೆಲ್ಲ, ಎಲ್ಲ ಕೂಡಿಸಿ ಕಟ್ಟಿದ ಉಂಡಿ ಬೆಳಿಗ್ಗೆ ಎರಡು, ಸಂಜೆ ಎರಡು. ನಡುವೆ ಅಳ್ವಿ ಕಾಳಿನ ಪಾಯಸ. ಅನ್ನದ ಮೇಲೆ ಕುಳಿ ಮಾಡಿ ತುಪ್ಪ. ಕೂಸು ನೋಡಲು ಬಂದವರೆಲ್ಲ ಕೈಯಲ್ಲಿ ಒಂದೊಂದು ಡಬ್ಬಿ. ಬಾಣಂತಿ ನಡೆಯಬಾರದು, ಬಗ್ಗಬಾರದು, ತಲೆಗೆ ಗಾಳಿ ಬಡಿಯಬಾರದು. ಹಾಸಿಗೆ ಬಿಟ್ಟರೆ ತಾಟು, ತಾಟು ಬಿಟ್ಟರೆ ಹಾಸಿಗೆ.

"ಅವ್ವಾ, ಸಾಕು. ಹೊಟ್ಯಾಗ ಜಾಗಿಲ್ಲ" ಎನ್ನುತ್ತಿದ್ದಳು ಸುಮಾ.

"ನಿನಗಲ್ಲವಾ, ಹಾಲಿಗೆ" ಎನ್ನುತ್ತಿದ್ದೆ ನಾನು. ಈ ಮಾತಿಗೆ ಯಾವ ಬಾಣಂತಿಯೂ ಎದುರಾಡಲಾರಳು.

ಇಷ್ಟಕ್ಕೆಲ್ಲ ಕಾರಣ ಪ್ರೀತಿ ಎಂದರೆ ಅರ್ಧ ಸುಳ್ಳು. ಉಳಿದರ್ಧ ಐದನೆಯ ತಿಂಗಳ ಪರೀಕ್ಷೆಯ ಭಯ. ತೊಟ್ಟಿಲು ಬಟ್ಟಲು ಕೊಟ್ಟು ಮಗಳನ್ನು ಗಂಡನ ಮನೆಗೆ ಕಳಿಸುವ ದಿನ ಅಲ್ಲಿಯ ಹೆಂಗಸರೆಲ್ಲ ಬಾಗಿಲಲ್ಲಿ ನೆರೆದಿರುತ್ತಾರೆ. ಅತ್ತೆಯಾದವಳು ಮೊದಲು ಕೂಸನ್ನು ಎತ್ತಿ ಕೈಯಲ್ಲೇ ತೂಗಿ ನೋಡುತ್ತಾಳೆ. ಆಮೇಲೆ ಸೊಸೆಯನ್ನು ಮೇಲಿನಿಂದ ಕೆಳಗೆ ನೋಡುತ್ತಾಳೆ. ಬಸುರಿಗೆ ಮೊದಲು ಹೊಲಿಸಿದ ಕುಬಸ ತೋಳಿಗೆ ಏರಬಾರದು. ಏರಿತೋ, ತವರುಮನೆಯ ಮಾನ ಅಲ್ಲೇ ಹೋಯಿತು.

ಸುಮಾಳ ಕುಬಸ ಮೊಣಕೈಯನ್ನೇ ದಾಟಲಿಲ್ಲ. ಬ್ಯಾಡಗಿಯ ಬಾಗಿಲಲ್ಲಿ ಬೀಗತಿ ಗಿರಿಜಕ್ಕ ಮೊಮ್ಮಗ ಸಮರ್ಥನನ್ನು ಎತ್ತಿ, "ಯಪ್ಪಾ, ಮೆಣಸಿನಕಾಯಿ ಚೀಲ ಆಗ್ಯಾನ!" ಎಂದರು. ಗಿರಿಜಕ್ಕನ ನಾದಿನಿ ಶಿವಲಿಂಗವ್ವ ಎಂಬಾಕೆ ಸುಮಾಳ ಗಲ್ಲ ಹಿಡಿದು, "ಟೀಚರ್ರ, ಬಾಣಂತನ ಅಂದ್ರ ಹಿಂಗ ಮಾಡಬೇಕು ನೋಡ್ರಿ. ಬಾಗಿಲ ತುಂಬ ಸೊಸಿ ಬಂದಾಳ" ಎಂದಳು. ನನಗೆ ಉತ್ತಮ ಶಿಕ್ಷಕಿ ಎಂದು ಶಾಲು ಹೊದಿಸಿದಾಗಲೂ ಅಷ್ಟು ಹಿಗ್ಗಾಗಿರಲಿಲ್ಲ. ಸುಮಾ ಮಾತ್ರ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಕಂಬ ಹಿಡಿದು ನಿಂತಿದ್ದಳು. ಅದು ನನ್ನ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಮುಂದಿನ ಕಥೆ ಸಮರ್ಥನದು, ಅಂದರೆ ನಮ್ಮ ಸಮ್ಮುವಿನದು. ಅಪ್ಪ-ಅವ್ವ ರಾಣೆಬೆನ್ನೂರಿನಲ್ಲಿ, ಒಂದು ಅಜ್ಜಿ ಹಾವೇರಿಯಲ್ಲಿ, ಇನ್ನೊಂದು ಅಜ್ಜಿ ಬ್ಯಾಡಗಿಯಲ್ಲಿ. ಸುಮಾಳೂ ಅಂಗಡಿಯ ಕೆಲಸ ನೋಡುತ್ತಿದ್ದುದರಿಂದ ಕೂಸು ಹದಿನೈದು ದಿನ ನನ್ನಲ್ಲಿ, ಹದಿನೈದು ದಿನ ಗಿರಿಜಕ್ಕನಲ್ಲಿ. ಗಿರಿಜಕ್ಕ ಬಹಳ ದೊಡ್ಡ ಮನಸ್ಸಿನ ಹೆಂಗಸು. ಖಾರದ ಊರಿನಲ್ಲಿದ್ದುಕೊಂಡು ಆಕೆ ಮಾಡುವಂಥ ಶೇಂಗಾ ಹೋಳಿಗೆಯನ್ನು ನಾನು ಬೇರೆಲ್ಲೂ ತಿಂದಿಲ್ಲ. ಆದರೆ ಬೀಗತಿ ಬೀಗತಿಯೇ. ಕೂಸನ್ನು ಒಪ್ಪಿಸಿಕೊಳ್ಳುವಾಗ ಇಬ್ಬರೂ ಎತ್ತಿ ನೋಡುವುದು ಕಡ್ಡಾಯ.

"ಯಾಕ ಸೊರಗ್ಯಾನಲ್ರೀ ಶಾಂತಕ್ಕಾರ?" ಎಂದು ಆಕೆ.

"ಹದಿನೈದು ದಿನದ ಹಿಂದ ನಿಮ್ಮ ಮನಿಂದ ಬಂದಾಗ ಇದಕ್ಕಿಂತ ಹಗುರ ಇದ್ದಾ ಬೀಗತ್ಯಾರ" ಎಂದು ನಾನು.

ಇಬ್ಬರ ಹಗುರವನ್ನೂ ಕೂಡಿಸಿದರೆ ಆ ಹುಡುಗ ಗಾಳಿಗೆ ಹಾರಿ ಹೋಗಬೇಕಿತ್ತು. ಹಾಗಾಗಲಿಲ್ಲ. ನಾಲ್ಕು ವರ್ಷ ತುಂಬುವ ಹೊತ್ತಿಗೆ ಎತ್ತಿ ನೋಡುವ ಶಾಸ್ತ್ರವನ್ನೇ ನಾವು ನಿಲ್ಲಿಸಬೇಕಾಯಿತು. ಗಿರಿಜಕ್ಕನ ಸೊಂಟ ಹಿಡಿದುಕೊಂಡಿತ್ತು, ನನ್ನದು ಅದಕ್ಕೂ ಮುಂಚೆ. ಆಮೇಲೆ ಗಲ್ಲ ಹಿಂಡಿ ನೋಡುತ್ತಿದ್ದೆವು.

ಐದನೆಯ ವರ್ಷಕ್ಕೆ ಸುಮಾ ಅವನನ್ನು ರಾಣೆಬೆನ್ನೂರಿನ ಮಕ್ಕಳ ಡಾಕ್ಟರಮ್ಮನ ಹತ್ತಿರ ಕರೆದೊಯ್ದಳು. ಇಬ್ಬರು ಅಜ್ಜಿಯರೂ ಬೆನ್ನುಹತ್ತಿ ಹೋದೆವು. ಇಪ್ಪತ್ತೇಳು ಕಿಲೋ ಬಂತು. ಡಾಕ್ಟರಮ್ಮ ಇನ್ನೊಮ್ಮೆ ತೂಗಿದರು. ನಾನು ಅಭ್ಯಾಸಬಲದಿಂದ ಮಶೀನ್ ಕೆಟ್ಟೈತಿ ಎನ್ನಲು ಬಾಯಿ ತೆರೆದಿದ್ದೆ, ಸುಮಾ ನೋಡಿದ ನೋಟಕ್ಕೆ ಮುಚ್ಚಿದೆ.

ಡಾಕ್ಟರಮ್ಮ ಬೈಯಲಿಲ್ಲ. ಒಂದು ಹಾಳೆಯ ಮೇಲೆ ಏನೇನು, ಎಷ್ಟೆಷ್ಟು, ಯಾವಾಗ ಎಂದು ಬರೆದು ಮೂರು ಪ್ರತಿ ತೆಗೆಸಿದರು. ರಾಣೆಬೆನ್ನೂರಿಗೊಂದು, ಹಾವೇರಿಗೊಂದು, ಬ್ಯಾಡಗಿಗೊಂದು. ಬೆಳಿಗ್ಗೆ ಒಂದು ರೊಟ್ಟಿ ಪಲ್ಯ, ಮಧ್ಯಾಹ್ನ ಇಷ್ಟು ಅನ್ನ ಸಾರು, ಸಂಜೆ ಹಣ್ಣು, ರಾತ್ರಿ ಹಗುರ ಊಟ. ದಿನಾ ಒಂದು ತಾಸು ಹೊರಗೆ ಆಟ. ಕೊಟ್ಟದ್ದಕ್ಕೆಲ್ಲ ಸರಿ ಗುರುತು ಹಾಕಬೇಕು. ನಾನು ಶಿಕ್ಷಕಿ; ಹಾಳೆಯನ್ನು ಫ್ರಿಜ್ಜಿಗೆ ಅಂಟಿಸಿ ಕೆಂಪು ಪೆನ್ನು ದಾರದಿಂದ ಕಟ್ಟಿದೆ. ಗಿರಿಜಕ್ಕ ದೇವರ ಜಗುಲಿಯ ಪಕ್ಕ ಅಂಟಿಸಿ ಕುಂಕುಮ ಹಚ್ಚಿದರು. ಮೂರು ತಿಂಗಳು ಇಬ್ಬರೂ ಒಂದು ದಿನ ತಪ್ಪದೆ ಗುರುತು ಹಾಕಿದೆವು. ಹಾಳೆಯಲ್ಲಿ ಬರೆದದ್ದಕ್ಕಿಂತ ಒಂದು ಚೂರೂ ಹೆಚ್ಚಿಗೆ ತಾಟಿಗೆ ಬಡಿಸಲಿಲ್ಲ. ದೇವರಾಣೆ.

ಮೂರು ತಿಂಗಳ ಮೇಲೆ ತೂಗಿದರೆ ಎರಡು ಕಿಲೋ ಹೆಚ್ಚಾಗಿತ್ತು.

ಡಾಕ್ಟರಮ್ಮ ಮೂರೂ ಹಾಳೆ ಹರಡಿಕೊಂಡು ತಲೆ ಕೆರೆದುಕೊಂಡರು. ರಕ್ತ ತಪಾಸಣೆಗೆ ಬರೆಯಬೇಕು ಎಂದುಕೊಂಡವರು, ಯಾಕೋ ಸಮ್ಮುವನ್ನೇ ಮುಂದೆ ಕೂಡಿಸಿಕೊಂಡು ಕೇಳಿದರು. "ಜಾಣ, ನಿನ್ನೆ ಮಧ್ಯಾಹ್ನ ಏನ್ ಉಂಡಿ ಹೇಳು ನೋಡೋಣ?"

ನನ್ನ ಮೊಮ್ಮಗ ಜ್ಞಾಪಕಶಕ್ತಿಯಲ್ಲಿ ನನ್ನನ್ನೇ ಹೋಲುತ್ತಾನೆ. ಬೆರಳು ಮಡಿಸುತ್ತ ಶುರು ಮಾಡಿದ. "ತಾಟಿನ್ಯಾಗಿಂದು ನಾ ಉಂಡೆ. ಆಮ್ಯಾಲೆ ಕಾಗಕ್ಕನ ತುತ್ತು. ಗುಬ್ಬಕ್ಕನ ತುತ್ತು. ಅಜ್ಜನ ತುತ್ತು. ಬಸ್ ಮಾಮಾನ ತುತ್ತು. ಚಂದಪ್ಪನ ತುತ್ತು ಎರಡು, ಅಂವ ದೊಡ್ಡಾಂವ ಅದಾನ. ಆಮ್ಯಾಲೆ ಶಕ್ತಿ ತುತ್ತು."

"ಶಕ್ತಿ ತುತ್ತು ಅಂದ್ರೇನ್ರಿ?" ಎಂದು ಡಾಕ್ಟರಮ್ಮ ನಮ್ಮ ಕಡೆ ತಿರುಗಿದರು.

ಗಿರಿಜಕ್ಕ ವಿವರಿಸಿದರು. "ಕಡೀ ತುತ್ತು ಬಿಡಬಾರದಲ್ರಿ. ಶಕ್ತಿ ಎಲ್ಲಾ ಅದರಾಗ ಇರತೈತಿ."

"ಮತ್ತ ಇವ್ಯಾವೂ ಹಾಳಿಯೊಳಗ ಇಲ್ಲಲ್ಲ?"

"ಅವು ಕೈತುತ್ತು ಅಲ್ಲೇನ್ರಿ" ಎಂದೆ ನಾನು, ದಡ್ಡ ವಿದ್ಯಾರ್ಥಿಗೆ ಹೇಳುವ ದನಿಯಲ್ಲಿ. "ತಾಟಿಗೆ ಬಡಿಸಿದ್ದು ಊಟ. ಕೈಯಾಗ ಕೊಟ್ಟಿದ್ದು ಲೆಕ್ಕಕ್ಕಿಲ್ಲ."

"ಗುಡಿ ಪ್ರಸಾದನೂ ಲೆಕ್ಕಕ್ಕಿಲ್ರಿ" ಎಂದು ಗಿರಿಜಕ್ಕ ಕೂಡಿಸಿದರು. "ಪ್ರತಿ ಶನಿವಾರ ಕದರಮಂಡಲಗಿ ಹನುಮಪ್ಪಗ ಹೋಗತೇವಿ. ದೇವರದ್ದಕ್ಕ ಹೆಂಗ್ ಗುರುತು ಹಾಕೂದು?"

ಇದರಲ್ಲಿ ಕಪಟವಿರಲಿಲ್ಲ, ನಂಬಿರಿ. ನಾವಿಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡವರಲ್ಲ. ಎರಡು ಊರಿನಲ್ಲಿ ಕುಳಿತು ಬೇರೆ ಬೇರೆಯಾಗಿ ಒಂದೇ ಲೆಕ್ಕ ಹಿಡಿದಿದ್ದೆವು. ನನಗೆ ನನ್ನವ್ವ ಹಾಗೆ ಉಣಿಸಿದ್ದಳು, ಆಕೆಗೆ ಆಕೆಯ ಅವ್ವ. ಗುಬ್ಬಕ್ಕನ ಹೆಸರಿನ ತುತ್ತು ಗುಬ್ಬಕ್ಕನ ಹೊಟ್ಟೆಗೇ ಹೋಗುತ್ತದೆ ಎಂದು ಎಲ್ಲೋ ಒಳಗೆ ನಂಬಿಕೆ ಉಳಿದಿತ್ತೋ ಏನೋ.

ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟು ಕಣ್ಣೊರೆಸಿಕೊಂಡು ನಕ್ಕರು. "ಹಂಗಾದ್ರ ಈ ಹೊತ್ತಿಗೆ ಗುಬ್ಬಿ ದಪ್ಪ ಆಗಬೇಕಿತ್ತಲ್ರಿ ಅಜ್ಜಿ?" ಎಂದರು. ನಾವೂ ನಕ್ಕೆವು. ಸುಮಾ ಒಬ್ಬಳು ನಗಲಿಲ್ಲ.

ಅದಾಗಿ ಮೂರು ವಾರಕ್ಕೆ ಸುಮಾಳ ಫೋನು. ಎರಡನೆಯ ಬಾರಿ ಬಸುರಾಗಿದ್ದಳು, ಅದು ಗೊತ್ತಿತ್ತು. ಸಕ್ಕರೆ ಮತ್ತೆ ಬಂದಿದೆ, ಈ ಬಾರಿ ಹೆಚ್ಚಿದೆ ಎಂದಳು. ನಾನು ಏನೋ ಸಮಾಧಾನ ಹೇಳತೊಡಗಿದೆ.

"ಅವ್ವಾ, ಒಂದ್ ಮಾತ ಹೇಳತೇನಿ, ಸಿಟ್ಟಾಗಬ್ಯಾಡ. ಈ ಸಲ ಬಾಣಂತನಕ್ಕ ನಾ ಹಾವೇರಿಗೆ ಬರಂಗಿಲ್ಲ."

"ಯಾಕವಾ? ನಾ ಸತ್ತೇನೇನ?"

"ಹಂಗ್ಯಾಕ ಅಂತಿ? ಹ್ವಾದ ಸಲ ಏರಿದ ತೂಕ ಇನ್ನೂ ಇಳದಿಲ್ಲ. ಮತ್ತ ಹಂಗ ಆದ್ರ ಜೀವನಪೂರ್ತಿ ಗುಳಿಗಿ ನುಂಗತಿರಬೇಕಾಕ್ಕೇತಿ. ನೀ ಹಾಕೂದು ಬಿಡಂಗಿಲ್ಲ, ನಾ ಬ್ಯಾಡ ಅಂದ್ರ ನೀ ಅಳತಿ. ನಿನ್ನ ಮುಂದ ನನಗ ಬ್ಯಾಡ ಅನ್ನಾಕ ಆಗಂಗಿಲ್ಲ ಅವ್ವಾ."

ಫೋನು ಇಟ್ಟ ಮೇಲೆ ನಾನು ನಿಜವಾಗಿಯೂ ಅತ್ತೆ. ಆಮೇಲೆ ಸಿಟ್ಟು ಬಂತು. ತಾಯಿ ಬದುಕಿರುವಾಗ ಮಗಳು ಬಾಣಂತನಕ್ಕೆ ತವರಿಗೆ ಬರುವುದಿಲ್ಲ ಎಂದರೆ ಓಣಿಯಲ್ಲಿ ಮುಖ ಎತ್ತಿ ತಿರುಗುವುದು ಹೇಗೆ? ಬೇಕಾದವರೆಲ್ಲ ನನ್ನ ಡಬ್ಬಿ ಒಯ್ದು ಬಾಣಂತನ ಮಾಡುತ್ತಾರೆ, ನನ್ನ ಮಗಳಿಗೆ ಮಾತ್ರ ನಾನು ಬೇಡ! ಯಜಮಾನರ ಮುಂದೆ ಹೇಳಿದರೆ ಅವರು ಪೇಪರಿನಿಂದ ತಲೆಯೆತ್ತದೆ, "ಖರೇನ ಹೇಳ್ಯಾಳಲ್ಲ" ಎಂದರು. ಅವರಿಗೆ ಆ ಸಂಜೆ ಚಹಾ ಸಿಗಲಿಲ್ಲ. ಎಂಟು ದಿನ ನಾನು ಮಗಳಿಗೆ ಫೋನು ಮಾಡಲಿಲ್ಲ.

ಅಷ್ಟೊತ್ತಿಗೆ ಸಮ್ಮುವನ್ನು ರಾಣೆಬೆನ್ನೂರಿನಲ್ಲೇ ಶಾಲೆಗೆ ಸೇರಿಸಿದ್ದರು. ಒಂಬತ್ತನೆಯ ದಿನ ಆ ಶಾಲೆಯಲ್ಲಿ ಆಟೋಟದ ದಿನವಿತ್ತು. ಮಗಳ ಮೇಲೆ ಸಿಟ್ಟಿದ್ದರೂ ಮೊಮ್ಮಗನ ಮೇಲಿರಲಿಲ್ಲವಲ್ಲ, ಹೋದೆ. ಗಿರಿಜಕ್ಕನೂ ಬಂದಿದ್ದರು. ಇಬ್ಬರೂ ಮುಂದಿನ ಸಾಲಿನ ಕುರ್ಚಿಯಲ್ಲಿ, ತೊಡೆಯ ಮೇಲೆ ಒಂದೊಂದು ಡಬ್ಬಿ ಇಟ್ಟುಕೊಂಡು ಕುಳಿತೆವು. ಓಡಿದ ಕೂಸಿಗೆ ಹಸಿವಾಗುವುದಿಲ್ಲವೇ?

ಚಿಕ್ಕ ಮಕ್ಕಳ ಓಟ. ಸುಣ್ಣದ ಗೆರೆಯಿಂದ ಗೆರೆಗೆ ನೂರು ಹೆಜ್ಜೆಯೂ ಇರಲಿಲ್ಲ. ಸೀಟಿ ಊದಿದರು. ಮಕ್ಕಳೆಲ್ಲ ಗುಂಪಾಗಿ ಹಾರಿದರು. ಸಮ್ಮುವೂ ಹೊರಟ. ಅರ್ಧ ದಾರಿಗೆ ಬಂದು ನಿಂತ. ಮೊಣಕಾಲಿಗೆ ಕೈಕೊಟ್ಟು ಬಗ್ಗಿದ. ಆಮೇಲೆ ಸುಣ್ಣದ ಗೆರೆಯ ಮೇಲೆಯೇ ಕುಳಿತುಬಿಟ್ಟ.

"ಗುಂಡ್ಯಾ ಕುಂತಾ! ಗುಂಡ್ಯಾ ಕುಂತಾ!" ಎಂದು ಮಕ್ಕಳು ಕೂಗಿದರು. ಸುತ್ತಲಿನವರು ನಕ್ಕರು. ನಾಚಿಕೆಯಾಗುತ್ತದೆ ಹೇಳಲು, ಮೊದಲು ನಾವಿಬ್ಬರೂ ನಕ್ಕೆವು, ಮುದ್ದಾಗಿ ಕಂಡಿದ್ದ. ಅವನು ಅಲ್ಲಿಂದಲೇ ನಮ್ಮನ್ನು ನೋಡಿ ಕೈ ಬೀಸಿದ. ಎದೆ ಮೇಲೆ ಕೆಳಗೆ ಆಗುತ್ತಿದ್ದದ್ದು ಅಷ್ಟು ದೂರದಿಂದಲೂ ಕಾಣುತ್ತಿತ್ತು.

ಟೀಚರೊಬ್ಬರು ಕೈಹಿಡಿದು ಕರೆತಂದು ನಮ್ಮ ಮುಂದೆ ಬಿಟ್ಟರು. ತುಟಿ ಒಣಗಿತ್ತು. "ಅಜ್ಜಿ, ಎಲ್ಲಾರೂ ಓಡತಾರ. ನನಗ್ಯಾಕ ಓಡಾಕ ಬರಂಗಿಲ್ಲ?" ಎಂದ. ಅಳುತ್ತಿರಲಿಲ್ಲ, ಸುಮ್ಮನೆ ಕೇಳಿದ. ಉತ್ತರ ಗೊತ್ತಿರುವವರನ್ನೇ ಕೇಳಿದ್ದ.

ಗಿರಿಜಕ್ಕನ ಕೈ ತಾನಾಗಿ ಡಬ್ಬಿಯ ಮುಚ್ಚಳಕ್ಕೆ ಹೋಯಿತು. ಅರ್ಧ ತೆಗೆದು ಕೈ ತಡೆದರು. ನನ್ನ ಕೈಯೂ ನನ್ನ ಡಬ್ಬಿಯ ಮೇಲೆ ಇತ್ತು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಆರು ವರ್ಷದಲ್ಲಿ ಮೊದಲ ಸಲ ಆಕೆಯ ಕಣ್ಣಲ್ಲಿ ನನಗೆ ಬೀಗತಿ ಕಾಣಲಿಲ್ಲ. ನನ್ನಷ್ಟೇ ತಪ್ಪು ಮಾಡಿ ನನ್ನಷ್ಟೇ ಹೆದರಿದ ಇನ್ನೊಬ್ಬ ಮುದುಕಿ ಕಂಡಳು. ನನಗೆ ಬಹಳ ದುಃಖವಾಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ನಿಜ. ನಾವು ಆ ಮುದ್ದಿನಲ್ಲೇ ಕೂಸಿನ ಕಾಲು ಕಟ್ಟಿಹಾಕಿದ್ದೆವು.

"ಶಾಂತಕ್ಕಾರ" ಎಂದರು ಗಿರಿಜಕ್ಕ, "ಈ ಡಬ್ಬಿ ಯಾರಿಗೆ ಕೊಡೂಣ್ರಿ?"

ಶಾಲೆಯ ಜವಾನನಿಗೆ ಕೊಟ್ಟೆವು. ತೆಳ್ಳಗಿದ್ದ, ಪಾಪ.

ಅಲ್ಲಿಂದ ಇಬ್ಬರೂ ನೇರವಾಗಿ ಸುಮಾಳ ಮನೆಗೆ ಹೋದೆವು. ತಾಯಿ ಮತ್ತು ಅತ್ತೆ ಜೊತೆಯಾಗಿ ಬಾಗಿಲಲ್ಲಿ ನಿಂತದ್ದು ನೋಡಿ ಹುಡುಗಿ ಗಾಬರಿಯಾದಳು. "ಹಾವೇರಿಗೆ ಬಾರವಾ. ನೀ ಹೇಳಿದ್ದಷ್ಟ ಹಾಕತೇನಿ" ಎಂದೆ. ಸುಮಾ ನಂಬಲಿಲ್ಲ. ನಂಬಲು ನಾನು ಯಾವ ಆಧಾರವನ್ನೂ ಕೊಟ್ಟವಳಲ್ಲ. ಕೊನೆಗೆ ಷರತ್ತು ಹಾಕಿದಳು. ದಿನಕ್ಕೆ ಒಂದು ಉಂಡಿ, ಅದೂ ನಿಂಬೆಹಣ್ಣಿನಷ್ಟು. ಡಾಕ್ಟರಮ್ಮ ಹೂಂ ಅಂದ ದಿನದಿಂದ ಮುಂಜಾನೆ ಅರ್ಧ ತಾಸು ನಡೆಯಲು ಬಿಡಬೇಕು. ತಲೆಗೆ ಗಾಳಿ ಬಡಿದರೂ ಚೀರಬಾರದು. ಕೈತುತ್ತಿಗೂ ಗುರುತು. ನಾನು ಅತ್ತೆನೆಂದು ತಾನು ಉಣ್ಣುವುದಿಲ್ಲ.

"ಮತ್ತ ಕಳಸೋ ದಿನ ಮಂದಿ ಏನಂತಾರ?" ಎಂದು ನನ್ನ ಬಾಯಿಂದ ಬಂದೇ ಬಿಟ್ಟಿತು.

"ಅದಕ್ಕ ನಾ ಬರಂಗಿಲ್ಲ ಅಂದಿದ್ದೆ" ಎಂದಳು ಸುಮಾ.

ಎಲ್ಲಕ್ಕೂ ಒಪ್ಪಿದೆ. ಹೆಣ್ಣುಕೂಸು ಹುಟ್ಟಿತು. ದೊಡ್ಡ ಡಬ್ಬಿ ಅಟ್ಟದಿಂದ ಇಳಿಯಲಿಲ್ಲ. ಉಪ್ಪಿನಕಾಯಿಯ ಒಂದು ಸಣ್ಣ ಭರಣಿಯಲ್ಲಿ ಉಂಡಿ ಇಟ್ಟೆ. ಸಮ್ಮುವನ್ನು ನೋಡಿಕೊಳ್ಳಲು ಗಿರಿಜಕ್ಕ ರಾಣೆಬೆನ್ನೂರಿಗೆ ಬಂದಿದ್ದರು. ಅವನ ಜೊತೆ ಶಾಲೆಗೆ ದಿನಾ ನಡೆದೇ ಹೋಗುತ್ತಿದ್ದರು. ಸಂಜೆಯಾದರೆ ಕುಡಿತ ಬಿಟ್ಟವರಂತೆ ಇಬ್ಬರದೂ ಫೋನು.

"ಹಾಕಿದ್ರೇನ್ರಿ?"

"ಇಲ್ರಿ. ನೀವು?"

"ನಾನೂ ಇಲ್ರಿ. ಕೈ ಭಾಳ ತುರಸಾಕತ್ತೈತಿ."

ಒಮ್ಮೆ ತಡೆಯಲಾರದೆ, ಸುಮಾ ಕೂಸಿಗೆ ಹಾಲೂಡಿಸುತ್ತ ತೂಕಡಿಸುವಾಗ ಬಾಯಿಗೆ ಎರಡನೆಯ ಉಂಡಿ ಇಟ್ಟುಬಿಟ್ಟೆ. ಅವಳು ನಿದ್ದೆಗಣ್ಣಲ್ಲಿ ಅಗಿದಳು. ಅಂದು ಸಂಜೆ ಗಿರಿಜಕ್ಕನ ಮುಂದೆ ತಪ್ಪೊಪ್ಪಿಕೊಂಡೆ. "ನಿನ್ನೆ ನಾನೂ ಅವಗ ಅರ್ಧ ಹೋಳಿಗಿ ಕೊಟ್ಟೇನ್ರಿ. ನಿಮಗ ಹೇಳಿರಲಿಲ್ಲ" ಎಂದರು. ಇಬ್ಬರೂ ಹಾಳೆಯಲ್ಲಿ ಕೆಂಪು ಪೆನ್ನಿನಿಂದ ಬರೆದುಕೊಂಡೆವು.

ಎರಡನೆಯ ತಿಂಗಳಿನಿಂದ ಸುಮಾ ಮುಂಜಾನೆ ಮಾಳಿಗೆಯ ಮೇಲೆ ನಡೆಯುತ್ತಿದ್ದಳು. ಪಾರವ್ವ ಎದುರಿನ ಕಟ್ಟೆಯಿಂದ ನೋಡಿ ನೋಡಿ ಒಂದು ದಿನ, "ಟೀಚರ್ರ, ಹಸೇ ಬಾಣಂತೀನ ಮಾಳಿಗಿ ಮ್ಯಾಲೆ ತಿರುಗಾಕ ಬಿಟ್ಟೀರಲ್ಲ, ಹೆತ್ತ ಹೊಟ್ಟಿ ಏನ್ರಿ ನಿಮ್ದು?" ಎಂದಳು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಹಾಗೆ ನೋಡಿದರೆ ಆ ಐದು ತಿಂಗಳಲ್ಲಿ ನನ್ನದೂ ಒಂದಿಷ್ಟು ಇಳಿಯಿತು. ಅದೇ ಪಾರವ್ವ ಈಗ ಡಬ್ಬಿ ಕೇಳಲು ಬಂದಿದ್ದಾಳೆ. ಕೊಡುತ್ತೇನೆ. ಕೊಡದಿದ್ದರೆ ಬಕೆಟ್ಟಿನಲ್ಲಿ ಕಟ್ಟಿಟ್ಟಾಳು. ಆದರೆ ಈ ಕಲ್ಲುಂಡಿಯನ್ನು ಒಳಗೇ ಬಿಟ್ಟು ಕೊಡುತ್ತೇನೆ. ಏನಿದು ಎಂದು ಕೇಳಲು ಬಂದೇ ಬರುತ್ತಾಳೆ, ಆಗ ಕೂಡಿಸಿಕೊಂಡು ಇದನ್ನೆಲ್ಲ ಹೇಳಬಹುದು.

ಐದು ತಿಂಗಳು ತುಂಬಿ ಸುಮಾಳನ್ನು ಕಳಿಸುವ ದಿನ ಬಂತು. ಬ್ಯಾಡಗಿಯ ದಾರಿಯುದ್ದಕ್ಕೂ ಕಾರಿನಲ್ಲಿ ನಾನು ಉತ್ತರ ತಯಾರಿಸಿಕೊಳ್ಳುತ್ತಿದ್ದೆ. ಕೊಬ್ಬು, ಶರ್ಕರ, ಪಿಷ್ಟ ಎಲ್ಲವನ್ನೂ ನೆನಪು ಮಾಡಿಕೊಂಡೆ. ಬಾಗಿಲಲ್ಲಿ ಹೆಂಗಸರು ನೆರೆದಿದ್ದರು. ಗಿರಿಜಕ್ಕ ಆರತಿಯ ತಾಟು ಹಿಡಿದು ನಿಂತಿದ್ದರು. ಸುಮಾ ಕೂಸನ್ನೆತ್ತಿಕೊಂಡು ಮೆಟ್ಟಿಲು ಹತ್ತಿದಳು. ಕಂಬ ಹಿಡಿಯಲಿಲ್ಲ, ಏದುಸಿರೂ ಬಿಡಲಿಲ್ಲ. ಆದರೆ ಅದನ್ನು ನೋಡಲು ಅಲ್ಲಿ ಯಾರೂ ನಿಂತಿರಲಿಲ್ಲ.

ಶಿವಲಿಂಗವ್ವ ಮುಂದೆ ಬಂದು ಸು‍ಮಾಳ ತೋಳು ಹಿಡಿದು ನೋಡಿದಳು. "ಐದ್ ತಿಂಗಳ ತವರಮನಿಯಾಗ ಇದ್ದ ಬಂದ ಬಾಣಂತಿ ಏನ ಇಕಿ? ಹ್ವಾದ ಸಲದ ಕುಬಸ ಜೋತಾಡಾಕತ್ತೈತಲ್ಲ! ಟೀಚರ್ರ, ಮಗಳಿಗೆ ಉಣ್ಣಾಕ ಏನ್ ಹಾಕಿದ್ರಿ?"

ಎಲ್ಲರೂ ನನ್ನ ಕಡೆ ತಿರುಗಿದರು. ಕೊಬ್ಬು, ಶರ್ಕರ, ಪಿಷ್ಟ ಒಂದೂ ಬಾಯಿಗೆ ಬರಲಿಲ್ಲ. ಕಣ್ಣಲ್ಲಿ ನೀರು ತುಂಬಿತು. ಮಗಳನ್ನು ಹಸಿವಿನಿಂದ ಇಟ್ಟ ತಾಯಿ ಎಂಬ ಹೆಸರು ಹೊತ್ತುಕೊಂಡೇ ಮನೆಗೆ ಹೋಗುವುದು ಎಂದು ಗಟ್ಟಿ ಮಾಡಿಕೊಂಡೆ.

ಗಿರಿಜಕ್ಕ ಆರತಿಯ ತಾಟನ್ನು ಕಟ್ಟೆಯ ಮೇಲಿಟ್ಟರು. "ಶಿವಲಿಂಗೀ, ಅವರಿಗೇನ್ ಕೇಳತಿ? ಹಾಕಬ್ಯಾಡ್ರಿ ಅಂತ ನಾನ ಹೇಳಿದ್ದೆ."

ಶಿವಲಿಂಗವ್ವ ಸುಮಾಳ ತೋಳು ಬಿಟ್ಟಳು. "ಏನಂದಿ ವೈನಿ? ಬಾಣಂತಿ ಸೊಸಿಗೆ ಉಣ್ಣಾಕ ಹಾಕಬ್ಯಾಡ್ರಿ ಅಂದಿ?"

"ಹೂಂ, ಅಂದೆ. ನನ್ನ ಸೊಸಿ ನನಗ ಬಾಗಿಲ ತುಂಬೂದು ಬ್ಯಾಡ. ಭಾಳ ದಿನ ಬದುಕೂದು ಬೇಕು. ಏನೀಗ?"

ಸೊಸೆಯ ಹೊಟ್ಟೆಗೆ ಕಟ್ಟು ಹಾಕಿದ ಅತ್ತೆ ಎಂಬ ಹೆಸರು ಬ್ಯಾಡಗಿಯಲ್ಲಿ ಸಂಜೆಯೊಳಗೆ ಮಾರ್ಕೆಟ್ಟಿನಿಂದ ಬಸ್ ಸ್ಟ್ಯಾಂಡಿನವರೆಗೂ ಮುಟ್ಟುತ್ತದೆ. ತಾಯಿಯ ಹೆಸರು ಕೆಟ್ಟರೆ ನಾಲ್ಕು ದಿನ ಆಡಿಕೊಂಡು ಬಿಡುತ್ತಾರೆ, ಅತ್ತೆಯ ಹೆಸರು ಕೆಟ್ಟರೆ ಸಾಯುವ ತನಕ. ಅದು ಗಿರಿಜಕ್ಕನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಹೇಳಿ, ತಾಟನ್ನು ಮತ್ತೆ ಎತ್ತಿಕೊಂಡು, ಸುಮಾಳಿಗೂ ಕೂಸಿಗೂ ಆರತಿ ಬೆಳಗಿದರು. ನಾನು ಸೆರಗು ಬಾಯಿಗೆ ಒತ್ತಿ ಅತ್ತುಬಿಟ್ಟೆ.

ಊಟದ ಗದ್ದಲವೆಲ್ಲ ಮುಗಿದ ಮೇಲೆ ಗಿರಿಜಕ್ಕ ನನ್ನನ್ನು ಸನ್ನೆ ಮಾಡಿ ಅಡುಗೆಮನೆಗೆ ಕರೆದರು. ಕದ ಮುಂದಕ್ಕೆ ಮಾಡಿ, ಮುಚ್ಚಿಟ್ಟ ತಾಟಿನಿಂದ ಒಂದು ಶೇಂಗಾ ಹೋಳಿಗೆ ತೆಗೆದರು. ಐದು ತಿಂಗಳಿಂದ ನಾನು ಅದರ ವಾಸನೆ ಕಂಡಿರಲಿಲ್ಲ. ನಡುವೆ ಮುರಿದು ಅರ್ಧವನ್ನು ನನ್ನ ಬಾಯಿಯ ಹತ್ತಿರ ಹಿಡಿದರು.

"ತಗೋರಿ ಶಾಂತಕ್ಕಾರ. ಇಬ್ಬರೂ ಇಷ್ಟ ಬೈಸ್ಕೊಂಡೇವಿ. ಇದು ಗುಬ್ಬಕ್ಕನ ತುತ್ತು, ಲೆಕ್ಕಕ್ಕಿಲ್ಲ."

ಬಾಯಿ ತೆರೆದಿದ್ದೆ. ಕದದ ಸಂದಿಯಲ್ಲಿ ಎರಡು ಕಣ್ಣು ಕಂಡವು.

"ಹಾವೇರಿ ಅಜ್ಜಿ! ಬ್ಯಾಡಗಿ ಅಜ್ಜಿ! ಅದೂ ಲೆಕ್ಕಕ್ಕ ಐತಿ! ನಾ ಅವ್ವಗ ಹೇಳತೇನಿ!" ಎಂದು ಕೂಗಿದ ಸಮ್ಮು, ತಿರುಗಿ ಪಡಸಾಲೆ ದಾಟಿ, ಮೆಟ್ಟಿಲು ಇಳಿದು, ಅಂಗಳಕ್ಕೆ ಓಡಿದ.

ಬಾಯಿಗೆ ಬಂದ ಹೋಳಿಗೆ ಅಲ್ಲೇ ಬಿಟ್ಟು ಇಬ್ಬರೂ ಅವನನ್ನು ಹಿಡಿಯಲು ಬೆನ್ನು ಹತ್ತಿದೆವು. ಸಿಗಲಿಲ್ಲ.